ಸೋತವರೂ ನಂಬುವ ಕೋರ್ಟು

ಅಮೆರಿಕದ ಸುಪ್ರೀಂ ಕೋರ್ಟಿನ ಕೆಲಸ ನಿಮಗೆ ಒಪ್ಪಿಗೆಯೇ ಎಂದು ಗ್ಯಾಲಪ್ ಸಂಸ್ಥೆ ಅಲ್ಲಿನ ಜನರನ್ನು 2000ನೇ ಇಸವಿಯಿಂದ ಕೇಳುತ್ತ ಬಂದಿದೆ. 2025ರ ಜುಲೈನಲ್ಲಿ ಹೌದು ಎಂದವರು ಶೇ 39ರಷ್ಟು ಮಂದಿ. ಈ ಪ್ರಶ್ನೆಗೆ ಸಿಕ್ಕ ಒಪ್ಪಿಗೆ ಶೇ 40ಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ಸುದ್ದಿಯ ತಲೆಬರಹಗಳಲ್ಲಿ ಎದ್ದು ಕಂಡದ್ದು ಈ ಅಂಕಿಯೇ. ನನಗೆ ಅದಕ್ಕಿಂತ ಹೆಚ್ಚು ಕಳವಳ ತಂದದ್ದು ಅದರ ಒಳಗಿದ್ದ ಇನ್ನೊಂದು ಲೆಕ್ಕ. ರಿಪಬ್ಲಿಕನ್ ಪಕ್ಷದವರಲ್ಲಿ ಶೇ 75ರಷ್ಟು ಜನ ಕೋರ್ಟನ್ನು ಮೆಚ್ಚಿದ್ದರು, ಡೆಮಾಕ್ರಟಿಕ್ ಪಕ್ಷದವರಲ್ಲಿ ಬರೀ ಶೇ 11. ಅದೇ ಒಂಬತ್ತು ನ್ಯಾಯಮೂರ್ತಿಗಳು, ಅವೇ ತೀರ್ಪುಗಳು, ಅದೇ ಸಂವಿಧಾನ. ನೋಡುವವರು ಯಾವ ಪಕ್ಷದವರು ಎಂಬುದರ ಮೇಲೆ 64 ಅಂಕಗಳ ಅಂತರ. ಒಟ್ಟು ಮೆಚ್ಚುಗೆ ಏರುತ್ತದೆ, ಇಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ದೇಶದ ಅರ್ಧದಷ್ಟು ಜನ ‘ಇದು ನಮ್ಮ ಕೋರ್ಟು’ ಎಂದೂ ಉಳಿದರ್ಧ ‘ಇದು ಅವರ ಕೋರ್ಟು’ ಎಂದೂ ತೀರ್ಮಾನಿಸಿಬಿಟ್ಟರೆ ಮಾತ್ರ ಕೋರ್ಟಿನ ಬುಡವೇ ಅಲುಗುತ್ತದೆ. ಗೆದ್ದವರು ಯಾವ ಕೋರ್ಟನ್ನೂ ನಂಬುತ್ತಾರೆ. ಸೋತವರು ಎಷ್ಟು ನಂಬುತ್ತಾರೆ ಎಂಬುದರಿಂದಲೇ ನ್ಯಾಯಾಲಯದ ಮೇಲಿನ ವಿಶ್ವಾಸವನ್ನು ಅಳೆಯಬೇಕು.

ಸೋತವರ ನಂಬಿಕೆಗೆ ಇಷ್ಟು ಬೆಲೆ ಏಕೆ? ಕೋರ್ಟಿನ ಕೈಯಲ್ಲಿ ಬೇರೇನೂ ಇಲ್ಲ, ಅದಕ್ಕೆ. ಸೇನೆ ಅಧ್ಯಕ್ಷರ ಬಳಿ ಇದೆ, ಖಜಾನೆ ಸಂಸತ್ತಿನ ಬಳಿ ಇದೆ, ನ್ಯಾಯಾಂಗದ ಬಳಿ ಇರುವುದು ವಿವೇಚನೆಯೊಂದೇ ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಆ ದೇಶದ ಸಂವಿಧಾನ ಜಾರಿಗೆ ಬರುವ ಮೊದಲೇ ಬರೆದಿದ್ದರು. ಆ ಮಾತಿನ ತೂಕ ಗೊತ್ತಾಗಬೇಕಾದರೆ 1974ರ ಜುಲೈ 24ನ್ನು ನೆನೆಯಬೇಕು. ವಾಟರ್‌ಗೇಟ್ ಹಗರಣದ ತನಿಖೆಗೆ ಬೇಕಾದ ಧ್ವನಿಸುರುಳಿಗಳನ್ನು ಕೊಡುವುದಿಲ್ಲ ಎಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಹಟ ಹಿಡಿದಿದ್ದರು. ಅಧ್ಯಕ್ಷರ ಗೋಪ್ಯತೆಗೆ ಧಕ್ಕೆಯಾಗುತ್ತದೆ ಎಂಬುದು ಅವರ ವಾದ. ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 8–0ರಿಂದ ಹೇಳಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ನಿಕ್ಸನ್ ಅವರೇ ನೇಮಿಸಿದವರು. ಜೊತೆಗೆ ಸಹಿ ಹಾಕಿದ ಹ್ಯಾರಿ ಬ್ಲ್ಯಾಕ್‌ಮನ್, ಲೂಯಿಸ್ ಪವೆಲ್ ಕೂಡ ನಿಕ್ಸನ್ ನೇಮಕದವರೇ. ನಾಲ್ಕನೆಯವರಾದ ವಿಲಿಯಂ ರೆನ್‌ಕ್ವಿಸ್ಟ್ ಹಿಂದೆ ನಿಕ್ಸನ್ ಸರ್ಕಾರದ ನ್ಯಾಯ ಇಲಾಖೆಯಲ್ಲಿ ಇದ್ದ ಕಾರಣ ವಿಚಾರಣೆಯಿಂದ ದೂರ ಉಳಿದಿದ್ದರು. ಸೇನೆಯ ಮಹಾದಂಡನಾಯಕನಾಗಿದ್ದ ವ್ಯಕ್ತಿ ಸುರುಳಿಗಳನ್ನು ಒಪ್ಪಿಸಿ, ಆಗಸ್ಟ್ 9ಕ್ಕೆ ಹುದ್ದೆ ಬಿಟ್ಟು ಹೊರಟ. ಒಂದೂ ಗುಂಡು ಹಾರಲಿಲ್ಲ. ಆ ತೀರ್ಪು 5–4ರದಾಗಿದ್ದು, ಆ ಐವರೂ ಎದುರು ಪಕ್ಷದ ಅಧ್ಯಕ್ಷರು ತಂದು ಕೂರಿಸಿದವರಾಗಿದ್ದರೆ ನಿಕ್ಸನ್ ಇಷ್ಟು ಸುಲಭವಾಗಿ ಮಣಿಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಅವರ ಬೆಂಬಲಿಗರು ಮಣಿಯಲು ಬಿಡುತ್ತಲೂ ಇರಲಿಲ್ಲ.

ಆಗಿನ ಕೋರ್ಟಿನಲ್ಲಿ ನೇಮಿಸಿದವರ ಪಕ್ಷ ನೋಡಿ ತೀರ್ಪು ಊಹಿಸಲು ಆಗುತ್ತಿರಲಿಲ್ಲ. ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ 1973ರ ರೋ ಪ್ರಕರಣವನ್ನೇ ತೆಗೆದುಕೊಳ್ಳೋಣ. ತೀರ್ಪು 7–2. ಬಹುಮತದ ಏಳು ಜನರಲ್ಲಿ ಐವರು ರಿಪಬ್ಲಿಕನ್ ಅಧ್ಯಕ್ಷರ ನೇಮಕ. ವಿರೋಧಿಸಿದ ಇಬ್ಬರಲ್ಲಿ ಒಬ್ಬರಾದ ಬೈರನ್ ವೈಟ್ ಅವರನ್ನು ನೇಮಿಸಿದ್ದು ಡೆಮಾಕ್ರಟಿಕ್ ಪಕ್ಷದ ಜಾನ್ ಕೆನಡಿ. ಆ ತೀರ್ಪನ್ನು ಕಡುವಾಗಿ ದ್ವೇಷಿಸಿದವರಿಗೂ ಇದು ಡೆಮಾಕ್ರಟರ ಕೋರ್ಟು ಎನ್ನಲು ಬಾಯಿ ಬರುತ್ತಿರಲಿಲ್ಲ. ಈಗ 2022ರ ಜೂನ್ 24ಕ್ಕೆ ಬನ್ನಿ. ಡಾಬ್ಸ್ ಪ್ರಕರಣದಲ್ಲಿ ಅದೇ ರೋ ತೀರ್ಪನ್ನು ಕೋರ್ಟು ರದ್ದು ಮಾಡಿತು. ರದ್ದು ಮಾಡಿದ ಐವರೂ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಅಷ್ಟು ದೂರ ಹೋಗದೆ, ಪ್ರಕರಣಕ್ಕೆ ಕಾರಣವಾದ ಮಿಸಿಸಿಪ್ಪಿ ರಾಜ್ಯದ ಗರ್ಭಪಾತ ಕಾನೂನನ್ನಷ್ಟೇ ಉಳಿಸೋಣ ಎಂದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೂಡ ರಿಪಬ್ಲಿಕನ್ ನೇಮಕ. ಪೂರ್ತಿ ವಿರೋಧಿಸಿದ ಮೂವರೂ ಡೆಮಾಕ್ರಟಿಕ್ ನೇಮಕ. ಒಂದೇ ಪ್ರಶ್ನೆ, ಸುಮಾರು ಅರ್ಧ ಶತಮಾನದ ಅಂತರ. ಮೊದಲ ಸಲ ಪಕ್ಷದ ಗೆರೆ ಅಡ್ಡಾದಿಡ್ಡಿಯಾಗಿತ್ತು, ಎರಡನೆಯ ಸಲ ಅಳೆದು ಎಳೆದಂತೆ ನೇರವಾಗಿತ್ತು. ಗರ್ಭಪಾತದ ಬಗ್ಗೆ ಓದುಗರ ನಿಲುವು ಏನೇ ಇರಲಿ, ಎರಡನೆಯ ತೀರ್ಪನ್ನು ಸೋತ ಪಕ್ಷ ಕಾನೂನಿನ ಮಾತೆಂದು ಸ್ವೀಕರಿಸುವುದು ಎಷ್ಟು ಕಷ್ಟ ಎಂಬುದನ್ನು ನೋಡಬೇಕು.

ಈ ಗೆರೆ ರಾತ್ರೋರಾತ್ರಿ ಮೂಡಿದ್ದಲ್ಲ. ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ನೇಮಿಸಿದ ಅರ್ಲ್ ವಾರನ್ ಮತ್ತು ವಿಲಿಯಂ ಬ್ರೆನನ್ 20ನೇ ಶತಮಾನದ ಅತ್ಯಂತ ಉದಾರವಾದಿ ನ್ಯಾಯಮೂರ್ತಿಗಳಾದರು. ಫೋರ್ಡ್ ನೇಮಿಸಿದ ಜಾನ್ ಪಾಲ್ ಸ್ಟೀವನ್ಸ್, ಹಿರಿಯ ಬುಷ್ ನೇಮಿಸಿದ ಡೇವಿಡ್ ಸೂಟರ್ ಅದೇ ದಾರಿ ಹಿಡಿದರು. ಸೂಟರ್ ಹೆಸರಂತೂ ರಿಪಬ್ಲಿಕನ್ ವಲಯದಲ್ಲಿ ಒಂದು ಎಚ್ಚರಿಕೆಯ ಮಾತೇ ಆಯಿತು: ಇನ್ನೊಬ್ಬ ಸೂಟರ್ ಬೇಡ. 1982ರಲ್ಲಿ ಹುಟ್ಟಿದ ಫೆಡರಲಿಸ್ಟ್ ಸೊಸೈಟಿ ಎಂಬ ವಕೀಲರ ಸಂಘ ಕಾನೂನು ಕಾಲೇಜಿನ ದಿನಗಳಿಂದಲೇ ಸಂಪ್ರದಾಯವಾದಿ ಚಿಂತನೆಯ ಎಳೆಯರನ್ನು ಬೆಳೆಸುತ್ತ ಬಂತು. ಕಿರಿಯ ಬುಷ್ 2005ರಲ್ಲಿ ತಮ್ಮ ಆಪ್ತ ವಕೀಲೆ ಹ್ಯಾರಿಯೆಟ್ ಮೈಯರ್ಸ್ ಅವರನ್ನು ಹೆಸರಿಸಿದಾಗ, ಆಕೆಯ ನಿಲುವು ಖಾತ್ರಿಯಿಲ್ಲ ಎಂದು ಸ್ವಂತ ಪಕ್ಷದವರೇ ತಿರುಗಿಬಿದ್ದರು. ಅವರ ಜಾಗಕ್ಕೆ ಸ್ಯಾಮ್ಯುಯೆಲ್ ಅಲಿಟೊ ಬಂದರು. 2016ರಲ್ಲಿ ಡೊನಾಲ್ಡ್ ಟ್ರಂಪ್ ತಾವು ಯಾರನ್ನು ನೇಮಿಸಬಹುದು ಎಂಬ ಪಟ್ಟಿಯನ್ನು ಚುನಾವಣೆಗೆ ಮೊದಲೇ ಪ್ರಕಟಿಸಿದರು. ಡೆಮಾಕ್ರಟರ ಕೈಯೂ ಇದರಲ್ಲಿ ಶುದ್ಧವಿಲ್ಲ. 1987ರಲ್ಲಿ ರಿಪಬ್ಲಿಕನ್ ಅಧ್ಯಕ್ಷರು ಹೆಸರಿಸಿದ ರಾಬರ್ಟ್ ಬೋರ್ಕ್ ಅವರ ನೇಮಕವನ್ನು, ಅದಕ್ಕೆ ಒಪ್ಪಿಗೆ ಕೊಡಬೇಕಾದ ಸೆನೆಟ್‌ನಲ್ಲಿ 58–42ರಿಂದ ಸೋಲಿಸಿದ ರೀತಿ, ಅರ್ಹತೆಗಿಂತ ನಿಲುವನ್ನೇ ತೂಗುವ ಪದ್ಧತಿಗೆ ದೊಡ್ಡ ಬಾಗಿಲು ತೆರೆಯಿತು. ಕೆಳಗಿನ ಫೆಡರಲ್ ಕೋರ್ಟುಗಳ ನೇಮಕಕ್ಕೆ 100ರಲ್ಲಿ 60 ಮತದ ಬೆಂಬಲ ಬೇಕೆಂಬ ಕಟ್ಟುಪಾಡನ್ನು 2013ರಲ್ಲಿ ಕಿತ್ತವರು ಅವರೇ. 2017ರಲ್ಲಿ ರಿಪಬ್ಲಿಕನ್ನರು ಆ ಬದಲಾವಣೆಯನ್ನು ಸುಪ್ರೀಂ ಕೋರ್ಟಿಗೂ ವಿಸ್ತರಿಸಿದರು. 2010ರಲ್ಲಿ ಸ್ಟೀವನ್ಸ್ ನಿವೃತ್ತರಾಗಿ ಎಲೆನಾ ಕೇಗನ್ ಬಂದ ಮೇಲೆ ಕೋರ್ಟಿನ ಸೈದ್ಧಾಂತಿಕ ಬಣಗಳೂ ನೇಮಿಸಿದ ಅಧ್ಯಕ್ಷರ ಪಕ್ಷಗಳೂ ಒಂದಕ್ಕೊಂದು ಪೂರ್ತಿ ಹೊಂದಿಕೊಂಡವು. ಸೆನೆಟ್‌ನ ಮತಗಳೂ ಅದೇ ಕಥೆ ಹೇಳುತ್ತವೆ. 1986ರಲ್ಲಿ ಕಟ್ಟಾ ಸಂಪ್ರದಾಯವಾದಿ ಆಂಟೊನಿನ್ ಸ್ಕಾಲಿಯಾ ಅವರಿಗೆ 98–0, 1993ರಲ್ಲಿ ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ 96–3. 2018ರಲ್ಲಿ ಬ್ರೆಟ್ ಕ್ಯಾವನಾ ಅವರಿಗೆ 50–48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ 53–47.

ಇದರ ನಡುವೆ ನಡೆದ ಎರಡು ನೇಮಕಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಕಾಲಿಯಾ 2016ರ ಫೆಬ್ರುವರಿ 13ರಂದು ತೀರಿಕೊಂಡರು. ಅಧ್ಯಕ್ಷ ಬರಾಕ್ ಒಬಾಮಾ ಮಾರ್ಚ್ 16ರಂದು ಮೆರಿಕ್ ಗಾರ್ಲಂಡ್ ಹೆಸರನ್ನು ಸೆನೆಟ್‌ಗೆ ಕಳಿಸಿದರು. ಗಾರ್ಲಂಡ್ ಮಧ್ಯಮಾರ್ಗಿ, ಅನುಭವಿ, ರಿಪಬ್ಲಿಕನ್ನರೂ ಹೊಗಳಿದ್ದ ನ್ಯಾಯಾಧೀಶರು. ಚುನಾವಣೆಗೆ ಆಗ ಸುಮಾರು ಎಂಟು ತಿಂಗಳಿತ್ತು. ಚುನಾವಣಾ ವರ್ಷದಲ್ಲಿ ನೇಮಕ ಬೇಡ, ಜನ ತೀರ್ಮಾನಿಸಲಿ ಎಂದು ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಹೇಳಿದರು. ವಿಚಾರಣೆಯನ್ನೇ ನಡೆಸಲಿಲ್ಲ, ಮತಕ್ಕೂ ಹಾಕಲಿಲ್ಲ. ಕುರ್ಚಿ ಖಾಲಿಯೇ ಉಳಿದು, ಮುಂದಿನ ವರ್ಷ ಟ್ರಂಪ್ ನೇಮಿಸಿದ ನೀಲ್ ಗೋರ್ಸಚ್ ಪಾಲಾಯಿತು. ನಾಲ್ಕು ವರ್ಷದ ನಂತರ, 2020ರ ಸೆಪ್ಟೆಂಬರ್ 18ರಂದು, ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ ಏಳು ವಾರವೂ ಇರಲಿಲ್ಲ. ಅದೇ ಮೆಕಾನೆಲ್, ಅದೇ ಸೆನೆಟ್, ಈ ಸಲ ಏಮಿ ಕೋನಿ ಬ್ಯಾರೆಟ್ ಅವರ ನೇಮಕವನ್ನು ಅಕ್ಟೋಬರ್ 26ಕ್ಕೆ 52–48ರಿಂದ ಮುಗಿಸಿತು. ಮತದಾನದ ದಿನಕ್ಕೆ ಎಂಟೇ ದಿನ ಬಾಕಿ. ಅಂಚೆಯ ಮೂಲಕ, ಮುಂಗಡ ಮತಗಟ್ಟೆಗಳಲ್ಲಿ ಕೋಟ್ಯಂತರ ಜನ ಆಗಲೇ ಮತ ಹಾಕಿಯಾಗಿತ್ತು. 2016ರಲ್ಲಿ ಅಧ್ಯಕ್ಷ ಒಂದು ಪಕ್ಷ, ಸೆನೆಟ್ ಇನ್ನೊಂದು ಪಕ್ಷ; 2020ರಲ್ಲಿ ಎರಡೂ ಒಂದೇ ಪಕ್ಷ ಎಂಬ ಸಮಜಾಯಿಷಿ ಬಂತು. ಸಂವಿಧಾನದ ಅಕ್ಷರಕ್ಕೆ ಎರಡೂ ವಿರುದ್ಧವಲ್ಲ ಎಂಬುದು ನಿಜ. ಆದರೆ ಸಾಮಾನ್ಯ ನಾಗರಿಕನ ಕಣ್ಣಿಗೆ ಕಂಡದ್ದು ಒಂದೇ: ಬಲವಿದ್ದವರು ತಮಗೆ ಬೇಕಾದ ನಿಯಮವನ್ನು ಆ ಹೊತ್ತಿಗೆ ಬರೆದುಕೊಂಡರು. ಆ ಕುರ್ಚಿಗಳಲ್ಲಿ ಕೂತ ಗೋರ್ಸಚ್ ಮತ್ತು ಬ್ಯಾರೆಟ್ ಎಷ್ಟೇ ಪ್ರಾಮಾಣಿಕರಾಗಿರಲಿ, ಬಂದ ದಾರಿಯ ಧೂಳು ಅವರ ತೀರ್ಪಿನ ಮೇಲೂ ಕೂರುತ್ತದೆ.

ಪ್ರಾಮಾಣಿಕತೆಯ ಮಾತು ಬಂದಾಗ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. 2018ರಲ್ಲಿ ತಮ್ಮ ವಿರುದ್ಧ ಆದೇಶ ಕೊಟ್ಟವರನ್ನು ಟ್ರಂಪ್ ‘ಒಬಾಮಾ ನ್ಯಾಯಾಧೀಶ’ ಎಂದು ಜರೆದಾಗ, ನಮ್ಮಲ್ಲಿ ಒಬಾಮಾ ನ್ಯಾಯಾಧೀಶರೂ ಇಲ್ಲ, ಟ್ರಂಪ್ ನ್ಯಾಯಾಧೀಶರೂ ಇಲ್ಲ ಎಂದು ರಾಬರ್ಟ್ಸ್ ಬಹಿರಂಗವಾಗಿ ಉತ್ತರ ಕೊಟ್ಟಿದ್ದರು. ಭಿನ್ನಾಭಿಪ್ರಾಯವಿರುವುದು ಸಂವಿಧಾನವನ್ನು ಓದುವ ಬಗೆಯಲ್ಲಿ, ಪಕ್ಷದಲ್ಲಲ್ಲ ಎಂಬುದು ಈ ವಾದದ ತಿರುಳು. ಸಂವಿಧಾನ ಬರೆದ ಕಾಲದ ಅರ್ಥವನ್ನೇ ಹಿಡಿಯಬೇಕು ಎನ್ನುವವರು ಒಂದು ಕಡೆ, ಕಾಲಕ್ಕೆ ತಕ್ಕಂತೆ ಅರ್ಥ ಬೆಳೆಯುತ್ತದೆ ಎನ್ನುವವರು ಇನ್ನೊಂದು ಕಡೆ. ನಾನು ಇದನ್ನು ನಂಬುತ್ತೇನೆ. ಈ ಒಂಬತ್ತು ಜನರಲ್ಲಿ ಯಾರೂ ಪಕ್ಷದ ಕಚೇರಿಯಿಂದ ಫೋನ್ ಬಂದಂತೆ ತೀರ್ಪು ಬರೆಯುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಯಾವ ಬಗೆಯಲ್ಲಿ ಓದುವವರು ಯಾವ ಫಲಿತಾಂಶ ಕೊಡುತ್ತಾರೆ ಎಂಬುದನ್ನು ಪಕ್ಷಗಳು ದಶಕಗಳ ಕಾಲ ಲೆಕ್ಕ ಹಾಕಿ, ಅಂಥವರನ್ನೇ ಆರಿಸಿ ತಂದಿವೆ. ಆಯ್ಕೆಯಲ್ಲೇ ಕೆಲಸ ಮುಗಿದಿರುವಾಗ ಆಮೇಲೆ ಒತ್ತಡ ಹಾಕುವ ಅಗತ್ಯವೇ ಬೀಳುವುದಿಲ್ಲ. ನ್ಯಾಯಮೂರ್ತಿ ತನ್ನ ಆತ್ಮಸಾಕ್ಷಿಯಂತೆ ನಡೆದರೆ ಸಾಕು. ರಾಬರ್ಟ್ಸ್ 2005ರಲ್ಲಿ ಸೆನೆಟ್ ಮುಂದೆ ನ್ಯಾಯಾಧೀಶರನ್ನು ಅಂಪೈರ್‌ಗೆ ಹೋಲಿಸಿದ್ದರು. ಕ್ರಿಕೆಟ್ ಬಲ್ಲ ನಮಗೆ ಆ ಹೋಲಿಕೆ ಇನ್ನೂ ಮುಂದಕ್ಕೆ ಹೋಗುತ್ತದೆ. ಟೆಸ್ಟ್ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಆತಿಥೇಯ ದೇಶದವರೇ ಅಂಪೈರ್ ಆಗಿರುತ್ತಿದ್ದರು. ಅವರಲ್ಲಿ ಬಹುಪಾಲು ಮಂದಿ ಸಜ್ಜನರೇ. ಆದರೂ ಪ್ರತಿ ಎಲ್‌ಬಿಡಬ್ಲ್ಯೂ ತೀರ್ಪಿಗೂ ಪ್ರವಾಸಿ ತಂಡ ಗೊಣಗುತ್ತಿತ್ತು. ಅಂಪೈರ್‌ಗಳನ್ನು ನಂಬಿ ಎಂದು ಉಪದೇಶ ಮಾಡಿ ಆ ಜಗಳ ಮುಗಿಯಲಿಲ್ಲ. 1994ರಿಂದ ಒಬ್ಬರು, 2002ರಿಂದ ಇಬ್ಬರೂ ಮೂರನೇ ದೇಶದವರಿರಬೇಕು ಎಂದು ನೇಮಕದ ಕ್ರಮ ಬದಲಿಸಿದ ಮೇಲೆ ತಣ್ಣಗಾಯಿತು.

ಇನ್ನೊಂದು ಆಕ್ಷೇಪ ಅಂಕಿ ಹಿಡಿದು ಬರುತ್ತದೆ. ಈ ಕೋರ್ಟು ಹಲವು ವರ್ಷಗಳಲ್ಲಿ ಅರ್ಧಕ್ಕೆ ಹತ್ತಿರ ಪ್ರಕರಣಗಳನ್ನು ಒಮ್ಮತದಿಂದಲೇ ತೀರ್ಮಾನಿಸುತ್ತದೆ. ಒಬಾಮಾ ಅವರ ಆರೋಗ್ಯ ವಿಮೆ ಕಾಯ್ದೆಯನ್ನು 2012ರಲ್ಲಿ ಉಳಿಸಿದ್ದು ರಾಬರ್ಟ್ಸ್ ಮತ. ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತ ನೌಕರರಿಗೆ ರಕ್ಷಣೆ ಕೊಟ್ಟ 2020ರ ತೀರ್ಪನ್ನು ಬರೆದದ್ದು ಗೋರ್ಸಚ್. 2020ರ ಡಿಸೆಂಬರ್‌ನಲ್ಲಿ ಚುನಾವಣಾ ಫಲಿತಾಂಶವನ್ನು ಬುಡಮೇಲು ಮಾಡಲು ಟೆಕ್ಸಾಸ್ ರಾಜ್ಯ ತಂದ ದಾವೆಯನ್ನು ಕೋರ್ಟು ಒಳಕ್ಕೇ ಬಿಟ್ಟುಕೊಳ್ಳಲಿಲ್ಲ. ಆಗ ಪೀಠದಲ್ಲಿ ಟ್ರಂಪ್ ನೇಮಿಸಿದ ಮೂವರಿದ್ದರು. ಇವೆಲ್ಲ ನಿಜ, ಕೋರ್ಟಿಗೆ ಗೌರವ ತರುವ ಸಂಗತಿಗಳು. ಬರೀ ಪಕ್ಷದ ಕೋರ್ಟು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇವನ್ನು ಓದಬೇಕು. ಆದರೆ ದಿವಾಳಿ ಕಾಯ್ದೆಯ ಒಂದು ಉಪವಿಧಿಯ ಬಗ್ಗೆ ಒಂಬತ್ತು ಜನ ಒಪ್ಪಿದರೆಂದು ಜನರ ವಿಶ್ವಾಸ ಹುಟ್ಟುವುದಿಲ್ಲ. ಜನ ನೋಡುವುದು ತಮ್ಮ ಬದುಕನ್ನು ಮುಟ್ಟುವ, ದೇಶದ ಅಧಿಕಾರವನ್ನು ಹಂಚುವ ಪ್ರಕರಣಗಳನ್ನು. ಮನೆಯಿಂದಾಚೆ ಬಂದೂಕು ಒಯ್ಯುವ ಹಕ್ಕು, 2022. ಗರ್ಭಪಾತ, ಅದೇ ವರ್ಷ. ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು, 2023. ಅಧಿಕಾರದಲ್ಲಿದ್ದಾಗ ಮಾಡಿದ ಅಧಿಕೃತ ಕೃತ್ಯಗಳಿಗೆ ಮಾಜಿ ಅಧ್ಯಕ್ಷರ ಮೇಲೆ ಮೊಕದ್ದಮೆ ಹೂಡಬಹುದೇ ಎಂಬ ಪ್ರಶ್ನೆ, 2024ರ ಜುಲೈ 1. ಈ ಎಲ್ಲದರಲ್ಲೂ ಆರು ಜನ ಒಂದು ಕಡೆ, ಉಳಿದವರು ಇನ್ನೊಂದು ಕಡೆ, ನಡುವೆ ಪಕ್ಷದ ಗೆರೆ. ವಿನಾಯಿತಿಗಳು ನ್ಯಾಯಮೂರ್ತಿಗಳ ಸ್ವಾತಂತ್ರ್ಯವನ್ನು ತೋರಿಸುತ್ತವೆ. ಆದರೆ ಅತಿ ಭಾರದ ಪ್ರಕರಣಗಳಲ್ಲಿ ತೀರ್ಪನ್ನು ಮೊದಲೇ ಊಹಿಸಬಹುದು ಎಂಬ ಜನರ ಅನುಭವವನ್ನು ಅವು ಅಳಿಸುವುದಿಲ್ಲ.

ಕೋರ್ಟು ಜನಪ್ರಿಯವಾಗಿರಬೇಕೆಂದು ಯಾರು ಹೇಳಿದರು, ಜನಪ್ರಿಯತೆಗೆ ಎದುರು ನಿಲ್ಲುವುದೇ ಅದರ ಕೆಲಸವಲ್ಲವೇ ಎಂದು ಕೇಳುವವರೂ ಇದ್ದಾರೆ. ಬಲವಾದ ಪ್ರಶ್ನೆ. ಶಾಲೆಗಳಲ್ಲಿ ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರ್ಪಡಿಸುವುದು ಸಂವಿಧಾನಬಾಹಿರ ಎಂದ 1954ರ ಬ್ರೌನ್ ತೀರ್ಪು ದಕ್ಷಿಣದ ರಾಜ್ಯಗಳಲ್ಲಿ ಕಿಚ್ಚೆಬ್ಬಿಸಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್‌ಗೆ ವಾಗ್ದಂಡನೆ ವಿಧಿಸಿ ಎಂಬ ಫಲಕಗಳು ಹೆದ್ದಾರಿಗಳ ಪಕ್ಕ ಎದ್ದವು. 1957ರಲ್ಲಿ ಲಿಟ್ಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಸೇರಿಸಲು ಐಸೆನ್‌ಹೋವರ್ ಸೈನಿಕರನ್ನೇ ಕಳಿಸಬೇಕಾಯಿತು. ಆದರೆ ಬ್ರೌನ್ ತೀರ್ಪು ಬಂದ ಬಗೆಯನ್ನು ಗಮನಿಸಿ. ಅದು 9–0. ಇಷ್ಟು ದೊಡ್ಡ ಮಾತನ್ನು ಒಡೆದ ಕೋರ್ಟು ಹೇಳಬಾರದು ಎಂದು ವಾರನ್ ತಿಂಗಳುಗಟ್ಟಲೆ ತಾಳ್ಮೆಯಿಂದ ಒಬ್ಬೊಬ್ಬರನ್ನೂ ಒಪ್ಪಿಸಿದ್ದರು. ಸಹಿ ಹಾಕಿದವರಲ್ಲಿ ಅಲಬಾಮಾದ ಹ್ಯೂಗೊ ಬ್ಲ್ಯಾಕ್, ಟೆಕ್ಸಾಸ್‌ನ ಟಾಮ್ ಕ್ಲಾರ್ಕ್, ಕೆಂಟಕಿಯ ಸ್ಟ್ಯಾನ್ಲಿ ರೀಡ್ ಇದ್ದರು; ವರ್ಣಭೇದದ ನೆಲದಿಂದಲೇ ಬಂದವರು. ಆಗ ಪೀಠದಲ್ಲಿದ್ದವರಲ್ಲಿ ವಾರನ್ ಒಬ್ಬರನ್ನು ಬಿಟ್ಟು ಎಂಟೂ ಜನರನ್ನು ನೇಮಿಸಿದ್ದು ಡೆಮಾಕ್ರಟಿಕ್ ಅಧ್ಯಕ್ಷರು, ತೀರ್ಪನ್ನು ಅತಿ ಹೆಚ್ಚು ವಿರೋಧಿಸಿದ ದಕ್ಷಿಣದ ನಾಯಕರೂ ಡೆಮಾಕ್ರಟರೇ. ಎದುರು ಪಕ್ಷದವರ ಪಿತೂರಿ ಎನ್ನಲು ಅಲ್ಲಿ ಎಡೆಯೇ ಇರಲಿಲ್ಲ. ಜನರಿಗೆ ಕಹಿಯಾದ ತೀರ್ಪನ್ನು ಕೊಡಬೇಕಾದ ದಿನ ಕೋರ್ಟಿಗೆ ವಿಶ್ವಾಸದ ಬಂಡವಾಳ ಉಳಿದ ದಿನಗಳಿಗಿಂತ ಹೆಚ್ಚು ಬೇಕು. ಜನಪ್ರಿಯತೆ ಬೇಡ ಎನ್ನುವ ವಾದ ಆ ಬಂಡವಾಳವನ್ನು ಕರಗಿಸಲು ನೆಪವಾಗಬಾರದು.

ಕೋರ್ಟು ಎಂದೂ ರಾಜಕೀಯದಿಂದ ಹೊರಗಿರಲಿಲ್ಲ ಎಂಬ ಮಾತೂ ಸರಿಯೇ. ಕರಿಯರು ಪೌರರಾಗಲಾರರು ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪು ದೇಶವನ್ನು ಅಂತರ್ಯುದ್ಧದ ಕಡೆಗೆ ಇನ್ನಷ್ಟು ತಳ್ಳಿತು. ಬುಷ್ ಮತ್ತು ಗೋರ್ ನಡುವಿನ ಚುನಾವಣೆಯಲ್ಲಿ ಫ್ಲಾರಿಡಾದ ಮರುಎಣಿಕೆಯನ್ನು 2000ದ ಡಿಸೆಂಬರ್ 12ರಂದು 5–4ರಿಂದ ನಿಲ್ಲಿಸಿದ್ದೂ ಇದೇ ಕೋರ್ಟು. ಆದರೆ ಈ ಚರಿತ್ರೆಯಲ್ಲೇ ಒಂದು ತಡೆಯ ಪಾಠವೂ ಇದೆ. ತಮ್ಮ ಆರ್ಥಿಕ ಕಾಯ್ದೆಗಳನ್ನು ಕೋರ್ಟು ಒಂದಾದ ಮೇಲೊಂದು ಹೊಡೆದುಹಾಕಿದಾಗ ಫ್ರಾಂಕ್ಲಿನ್ ರೂಸ್ವೆಲ್ಟ್ 1937ರಲ್ಲಿ ಆರು ಹೊಸ ನ್ಯಾಯಮೂರ್ತಿಗಳವರೆಗೆ ಸೇರಿಸುವ ಮಸೂದೆ ತಂದರು. ಆಗಷ್ಟೇ ಭಾರಿ ಬಹುಮತದಿಂದ ಗೆದ್ದು ಬಂದಿದ್ದ ಅಧ್ಯಕ್ಷ, ಸೆನೆಟ್‌ನಲ್ಲಿ ಸ್ವಂತ ಪಕ್ಷದ್ದೇ ದೊಡ್ಡ ಬಹುಮತ. ಆದರೂ ಅವರ ಪಕ್ಷದವರೇ ಮುಂದೆ ನಿಂತು ಮಸೂದೆಯನ್ನು ಸೋಲಿಸಿದರು. ಈಗ ಡೆಮಾಕ್ರಟರಲ್ಲಿ ಕೆಲವರು ಕೋರ್ಟಿನ ಸಂಖ್ಯೆಯನ್ನು ಒಂಬತ್ತರಿಂದ ಹದಿಮೂರಕ್ಕೆ ಏರಿಸಬೇಕು ಎನ್ನುತ್ತಾರೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ; 1869ರಲ್ಲಿ ಒಂಬತ್ತಕ್ಕೆ ನಿಲ್ಲುವ ಮೊದಲು ಸಂಖ್ಯೆ ಹಲವು ಸಲ ಬದಲಾಗಿದೆ. ಆದರೆ ಇಂದು ಇವರು ನಾಲ್ವರನ್ನು ಸೇರಿಸಿದರೆ ನಾಳೆ ಅವರು ಆರು ಜನರನ್ನು ಸೇರಿಸುತ್ತಾರೆ. ಅವಿಶ್ವಾಸದ ಪಾಲುದಾರರು ಬದಲಾಗುತ್ತಾರೆ, ಅವಿಶ್ವಾಸ ಹಾಗೇ ಉಳಿಯುತ್ತದೆ. ಈ ದಾರಿಯನ್ನು ನಾನು ಒಪ್ಪುವುದಿಲ್ಲ.

ನಿಲುವು ನೋಡಿ ನ್ಯಾಯಮೂರ್ತಿಗಳನ್ನು ಆರಿಸುವುದರ ಬೆಲೆ ಕನ್ನಡಿಗರಿಗೆ ಹೊಸದಲ್ಲ. ಕಾರ್ಕಳದ ಕೌಡೂರಿನ ಕೆ.ಎಸ್. ಹೆಗ್ಡೆ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋಗಿದ್ದವರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, ಹತ್ತು ವರ್ಷದ ನಂತರ ಸುಪ್ರೀಂ ಕೋರ್ಟಿಗೆ ಹೋದರು. ಪಕ್ಷದ ಹಿನ್ನೆಲೆಯೊಂದೇ ಮನುಷ್ಯನನ್ನು ಕಟ್ಟಿಹಾಕುತ್ತದೆ ಎನ್ನುವುದಾದರೆ ಅವರು ಕಾಂಗ್ರೆಸ್ ಸರ್ಕಾರದ ಪರ ನಿಲ್ಲಬೇಕಿತ್ತು. ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣದಲ್ಲೂ, ಎಡನೀರು ಮಠದ ಸ್ವಾಮೀಜಿಯವರ ಹೆಸರಿನ ಕೇಶವಾನಂದ ಭಾರತಿ ಪ್ರಕರಣದಲ್ಲೂ ಅವರು ಸರ್ಕಾರದ ವಾದವನ್ನು ಒಪ್ಪಲಿಲ್ಲ. ಎರಡನೆಯ ತೀರ್ಪು ಬಂದದ್ದು 1973ರ ಏಪ್ರಿಲ್ 24ಕ್ಕೆ. ಒಂದೆರಡು ದಿನದೊಳಗೆ ಜೆ.ಎಂ. ಶೆಲತ್, ಹೆಗ್ಡೆ, ಎ.ಎನ್. ಗ್ರೋವರ್ ಈ ಮೂವರು ಹಿರಿಯರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿಯ ಚಿಂತನೆ, ದೃಷ್ಟಿಕೋನ ನೋಡುವ ಹಕ್ಕು ಸರ್ಕಾರಕ್ಕಿದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿಕೊಂಡರು. ಮೂರು ವರ್ಷದ ನಂತರ, ತುರ್ತು ಪರಿಸ್ಥಿತಿಯ ನಡುವೆ, ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕೂ ಇಲ್ಲ ಎಂದು ಅದೇ ರೇ ಅವರ ಪೀಠ 4–1ರಿಂದ ಹೇಳಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ, ಮುಂದಿನ ವರ್ಷ ಅವರನ್ನೂ ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಭಾರತ ಆಮೇಲೆ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಎಂಬ ಬೇರೆ ದಾರಿ ಹಿಡಿಯಿತು, ಅದರ ಮುಚ್ಚುಮರೆಯ ಬಗ್ಗೆ ದೂರುಗಳೂ ಸಾಕಷ್ಟಿವೆ. ಅಮೆರಿಕಕ್ಕೆ ನಾವು ಮಾದರಿ ಎಂದು ನಾನು ಹೇಳುತ್ತಿಲ್ಲ. ಸರ್ಕಾರಕ್ಕೆ ಬೇಕಾದ ಚಿಂತನೆಯವರನ್ನು ಆರಿಸುವುದು ಶುರುವಾದರೆ ಕೊನೆಗೆ ಯಾರ ಕತ್ತಿಗೆ ಬರುತ್ತದೆ ಎಂಬುದನ್ನು ನಾವು ಕಂಡುಂಡಿದ್ದೇವೆ, ಅಷ್ಟೇ.

ಹಾಗಾದರೆ ಪರಿಹಾರ ಎಲ್ಲಿದೆ? ಕೆಲವರು ನ್ಯಾಯಮೂರ್ತಿಗಳ ನಡತೆಯತ್ತ ಬೆರಳು ತೋರಿಸುತ್ತಾರೆ. ಕ್ಲಾರೆನ್ಸ್ ಥಾಮಸ್ ಶ್ರೀಮಂತ ಗೆಳೆಯರೊಬ್ಬರ ಖರ್ಚಿನಲ್ಲಿ ಮಾಡಿದ ಐಷಾರಾಮಿ ಪ್ರವಾಸಗಳನ್ನು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2023ರಲ್ಲಿ ಬಯಲಿಗೆ ತಂದ ಮೇಲೆ, ಕೋರ್ಟು ಅದೇ ನವೆಂಬರ್‌ನಲ್ಲಿ ನೀತಿ ಸಂಹಿತೆಯೊಂದನ್ನು ಪ್ರಕಟಿಸಿತು. ಮುರಿದರೆ ಏನು ಮಾಡಬೇಕೆಂಬುದು ಅದರಲ್ಲಿಲ್ಲ. ಆ ಕ್ರಮವೂ ಬರಬೇಕು, ನಿಜ. ಆದರೆ ರೋಗದ ಮೂಲ ಅಲ್ಲಿಲ್ಲ. ಮೂಲವಿರುವುದು ಜೀವಮಾನದ ಅವಧಿಯೂ ಬರೀ ಬಹುಮತದ ನೇಮಕವೂ ಒಟ್ಟು ಸೇರಿರುವಲ್ಲಿ. ಜಿಮ್ಮಿ ಕಾರ್ಟರ್ ನಾಲ್ಕು ವರ್ಷ ಆಳಿದರು, ಅವರಿಗೆ ಒಂದೂ ನೇಮಕ ಸಿಗಲಿಲ್ಲ. ಟ್ರಂಪ್ ಮೊದಲ ನಾಲ್ಕು ವರ್ಷದಲ್ಲಿ ಮೂವರನ್ನು ನೇಮಿಸಿದರು. ಥಾಮಸ್ 43ನೇ ವಯಸ್ಸಿನಲ್ಲಿ ಬಂದು 1991ರಿಂದ ಕೂತಿದ್ದಾರೆ. ನ್ಯಾಯಮೂರ್ತಿ ಆಂಟನಿ ಕೆನಡಿ 2018ರಲ್ಲಿ ರಿಪಬ್ಲಿಕನ್ ಅಧ್ಯಕ್ಷರಿದ್ದಾಗ ನಿವೃತ್ತರಾದರು, ಸ್ಟೀಫನ್ ಬ್ರೇಯರ್ 2022ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷರಿದ್ದಾಗ. ಯಾರು ಯಾವಾಗ ಸಾಯುತ್ತಾರೆ, ಯಾರು ಯಾವಾಗ ನಿವೃತ್ತಿಯಾಗುತ್ತಾರೆ ಎಂಬುದರ ಮೇಲೆ ಮೂವತ್ತು ವರ್ಷದ ಕಾನೂನು ನಿಂತಿರುವಾಗ, ಪ್ರತಿ ಖಾಲಿ ಕುರ್ಚಿಯೂ ಯುದ್ಧವಾಗುತ್ತದೆ. 18 ವರ್ಷದ ನಿಗದಿತ ಅವಧಿ, ಎರಡು ವರ್ಷಕ್ಕೊಂದು ನೇಮಕ, ಪ್ರತಿ ಅಧ್ಯಕ್ಷರ ಅವಧಿಗೆ ಎರಡು ಎಂಬ ಸಲಹೆ ಹಲವು ವರ್ಷಗಳಿಂದ ಇದೆ. ಜೋ ಬೈಡನ್ 2024ರ ಜುಲೈನಲ್ಲಿ ಅದನ್ನು ಬೆಂಬಲಿಸಿದರು. ಅದರ ಜೊತೆಗೆ ಜರ್ಮನಿಯಿಂದಲೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ 16 ನ್ಯಾಯಮೂರ್ತಿಗಳಿಗೆ 12 ವರ್ಷದ ಒಂದೇ ಅವಧಿ, ಮರುನೇಮಕವಿಲ್ಲ, ಆಯ್ಕೆಗೆ ಮೂರನೇ ಎರಡರಷ್ಟು ಮತ ಬೇಕು. ಎದುರು ಪಕ್ಷ ಒಪ್ಪದವರು ಅಲ್ಲಿ ಪೀಠ ಏರುವುದು ಕಷ್ಟ. 2025ರ ಬೇಸಿಗೆಯಲ್ಲಿ ಅಭ್ಯರ್ಥಿಯೊಬ್ಬರ ವಿಷಯದಲ್ಲಿ ಅಲ್ಲೂ ಗಲಾಟೆಯಾಗಿ ಆಯ್ಕೆ ಮುಂದಕ್ಕೆ ಹೋಯಿತು, ಆಕೆ ಹಿಂದೆ ಸರಿದರು. ಯಾವ ವ್ಯವಸ್ಥೆಯೂ ಪಕ್ಷಜಗಳದಿಂದ ಪೂರ್ತಿ ಪಾರಾಗುವುದಿಲ್ಲ. ಆದರೆ ಅಲ್ಲಿ ಜಗಳ ನಡೆಯುವುದು ನೇಮಕಕ್ಕೆ ಮೊದಲು. ಪೀಠ ಏರಿದವರು ಎರಡೂ ಕಡೆಯ ಮತ ಪಡೆದೇ ಏರಿರುತ್ತಾರೆ.

ಕಷ್ಟ ಏನೆಂಬುದೂ ಗೊತ್ತಿದೆ. ಜೀವಮಾನದ ಅವಧಿಯನ್ನು ಭದ್ರವಾಗಿ ಬದಲಿಸಲು ಸಂವಿಧಾನ ತಿದ್ದಬೇಕು. ಅದಕ್ಕೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಕೊನೆಯ ತಿದ್ದುಪಡಿ ಆದದ್ದು 1992ರಲ್ಲಿ. ಸದ್ಯಕ್ಕೆ ಆಗದ ಮಾತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ತಿದ್ದುಪಡಿಯಿಲ್ಲದೆಯೂ ಸೆನೆಟ್ ತನ್ನ ನಿಯಮವನ್ನು ತಾನೇ ಬದಲಿಸಿಕೊಳ್ಳಬಹುದು. ಅಧ್ಯಕ್ಷರು ಯಾವ ಪಕ್ಷದವರೇ ಆಗಿರಲಿ, ಹೆಸರು ಬಂದ ಇಂತಿಷ್ಟು ದಿನದೊಳಗೆ ವಿಚಾರಣೆ ನಡೆಸಿ ಮತಕ್ಕೆ ಹಾಕುತ್ತೇವೆ, 60 ಮತ ಸಿಗದವರನ್ನು ಸುಪ್ರೀಂ ಕೋರ್ಟಿಗೆ ಕಳಿಸುವುದಿಲ್ಲ ಎಂದು ಬರೆದುಕೊಳ್ಳಲು ಸೆನೆಟರ್‌ಗಳ ಮನಸ್ಸು ಸಾಕು.

ಈ ಕೋರ್ಟಿನ ಬಾಗಿಲಲ್ಲಿ ನಮ್ಮವರ ಮನೆಗಳ ಭವಿಷ್ಯವೂ ನಿಂತಿದೆ. ಎಚ್–1ಬಿ ವೀಸಾದಂಥ ತಾತ್ಕಾಲಿಕ ಪರವಾನಗಿಯ ಮೇಲಿರುವ ತಾಯಿಗೆ ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ, ತಂದೆ ಪೌರನೋ ಕಾಯಂ ನಿವಾಸಿಯೋ ಆಗಿರದಿದ್ದರೆ, ಪೌರತ್ವವಿಲ್ಲ ಎಂಬ ಆದೇಶಕ್ಕೆ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದರು. ಆ ನೆಲದಲ್ಲಿ ಹುಟ್ಟಿದ ಚೀನೀ ದಂಪತಿಯ ಮಗ ಅಮೆರಿಕದ ಪೌರನೇ ಎಂದು ಇದೇ ಕೋರ್ಟು 1898ರಲ್ಲೇ ಹೇಳಿತ್ತು. ಆದೇಶವನ್ನು ಕೆಳಗಿನ ಕೋರ್ಟುಗಳು ದೇಶಾದ್ಯಂತ ತಡೆದಾಗ, ಅಂಥ ತಡೆಯಾಜ್ಞೆ ಕೊಡುವ ಅಧಿಕಾರವನ್ನು ಸುಪ್ರೀಂ ಕೋರ್ಟು 2025ರ ಜೂನ್ 27ರಂದು ಮೊಟಕುಗೊಳಿಸಿತು. ಅಂದೂ 6–3, ಅಂದೂ ಅದೇ ಗೆರೆ. ಡಲ್ಲಾಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಮತದ ಹಕ್ಕು ಪಡೆದು ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ರಾಜ್ಯದ ಸೆನೆಟ್ ಅಭ್ಯರ್ಥಿ, ಅವರು ನಿಮ್ಮ ಪಕ್ಷದವರೇ ಆಗಿದ್ದರೂ, ಮತ ಕೇಳಲು ಬಂದಾಗ ಒಂದು ಪ್ರಶ್ನೆ ಹಾಕಿ: ಎದುರು ಪಕ್ಷದ ಅಧ್ಯಕ್ಷರು ಯೋಗ್ಯರೊಬ್ಬರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರೆ ನೀವು ವಿಚಾರಣೆ ನಡೆಸಿ ಮತಕ್ಕೆ ಹಾಕುತ್ತೀರಾ? ಉತ್ತರ ಹೌದು ಎಂದಾದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.